ರಂಜಕದ ಜಾಡಿಯ ಮುಂದೆ ನನ್ನ ತರ್ಕ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್‌ಗಳು ಕೊಪ್ಪಳದ ನಮ್ಮ ಮನೆಯಲ್ಲಿ ಈಗಲೂ ಇವೆ. ಒಂದರಲ್ಲಿ ಅವ್ವ ಸಾಸಿವೆ ತುಂಬಿಟ್ಟಿದ್ದಾಳೆ. ಮನೆಯಲ್ಲಿ ನನ್ನ ವಾದಕ್ಕಿರುವ ಬೆಲೆ ಇಷ್ಟರಲ್ಲೇ ನಿಮಗೆ ತಿಳಿದಿರಬೇಕು. ಒಂದಾದ ಮೇಲೆ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ ಎಂದು ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಅಡುಗೆಮನೆಯಲ್ಲಿ ಹೇಳಿದರೆ, "ಅದಿರ್ಲಿ, ಬಳ್ಳೊಳ್ಳಿ ಸುಲಿ" ಎಂಬ ಉತ್ತರ ಬರುತ್ತದೆ.

ಬೆಳ್ಳುಳ್ಳಿ ರಂಜಕಕ್ಕೆ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಹಾಕಿ ರುಬ್ಬಿ ಜಾಡಿಗೆ ತುಂಬಿಟ್ಟರೆ ರೊಟ್ಟಿಗೆ ತಿಂಗಳುಗಟ್ಟಲೆ ಜೊತೆ. ಹೋದ ವರ್ಷ ಅದನ್ನು ಕಲಸಿದವರು ಕುಕನೂರಿನಿಂದ ಆಗಷ್ಟೇ ಸೊಸೆಯಾಗಿ ಬಂದಿದ್ದ ಅಣ್ಣನ ಹೆಂಡತಿ, ನಮ್ಮ ವೈನಿ. ತಿಂಗಳೊಳಗೆ ಬೂಷ್ಟು ಹಿಡಿಯಿತು. "ಅಕಿ ಕೈ ರಂಜಕಕ್ಕ ಆಗಂಗಿಲ್ಲ" ಎಂದು ತೀರ್ಪು ಕೊಟ್ಟ ಅವ್ವ, ಬೇರೆ ರುಬ್ಬಿ ಜಾಡಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಳು. ಎಲ್ಲರ ತಟ್ಟೆಗೂ ತಾನೇ ಬಡಿಸಿದಳು. ಅದು ಕೆಡಲಿಲ್ಲ, ಸಾಕ್ಷಿ ಇನ್ನೂ ಗಟ್ಟಿಯಾಯಿತು. ವೈನಿ ಎದುರಾಡಲಿಲ್ಲ, ರಂಜಕ ತಿನ್ನುವುದನ್ನೇ ಬಿಟ್ಟರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಒಂದು ಜಾಡಿ ಕೆಟ್ಟಿದ್ದಕ್ಕ ಕೈ ಮ್ಯಾಲ ಹೊರಸ್ತಿಯೇನವ್ವಾ? ಈ ಸಲ ಒಂದು ಜಾಡಿ ನೀ ಕಲಸು, ಒಂದು ವೈನಿ ಕಲಸಲಿ. ಯಾವ್ದು ಕೆಡತೈತಿ ನೋಡೂಣು."

"ಅಕಿದ ಕೆಟ್ರ?"

"ಮುಂದ ನಾ ವಾದ ಮಾಡಂಗಿಲ್ಲ."

"ಹಂಗಾದ್ರ ಎರಡೂ ಕೆಟ್ರೂ ಚಿಂತಿಲ್ಲ ಬಿಡು" ಎಂದು ಅವ್ವ ತಕ್ಷಣ ಒಪ್ಪಿದಳು. ವೈನಿ ಮಾತ್ರ ನನ್ನನ್ನು ಹಿತ್ತಲಿಗೆ ಕರೆದು, "ಗೆದ್ರ ನಿಮಗ ಇನ್ನೊಂದು ಕಪ್‌ರಿ. ಸೋತ್ರ ಜನ್ಮಪೂರ್ತಿ ಮಾತು ಕೇಳಾಕಿ ನಾನು" ಎಂದರು.

ಪರೀಕ್ಷೆ ಎಂದ ಮೇಲೆ ನಿತ್ಯ ಗಮನಿಸಬೇಕಲ್ಲ. ದಿನಾ ಮುಂಜಾನೆ ಚಮಚವನ್ನು ಶುಚಿಯಾಗಿ ತೊಳೆದು, ಅವ್ವನ ಜಾಡಿಗೆ ಹಾಕಿ, ಬಣ್ಣ ನೋಡಿ, ವಾಸನೆ ನೋಡಿ, ಪರೀಕ್ಷೆಯ ಶ್ರದ್ಧೆಯಿಂದ ರುಚಿಯನ್ನೂ ನೋಡಿದೆ. ವೈನಿ ತಮ್ಮ ಜಾಡಿಗೆ ಬಟ್ಟೆ ಕಟ್ಟಿ, "ನಂದು ಕಡೀಕ ನೋಡಿರಂತ" ಎಂದು ನನ್ನನ್ನು ಹತ್ತಿರ ಸೇರಿಸಲಿಲ್ಲ.

ಇಪ್ಪತ್ತು ದಿನಕ್ಕೆ ಅವ್ವನ ಜಾಡಿಯ ಮೇಲೆ ಬಿಳಿ ಬೂಷ್ಟು. ವೈನಿಯ ಬಟ್ಟೆ ಬಿಚ್ಚಿದರೆ ಕುಂಕುಮದಂಥ ಕೆಂಪು. ಅವ್ವ ಎರಡನ್ನೂ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಅಕಿ ಕೈ ಛಲೋನ ಐತಿ. ದಿನಾ ಮುಂದ ಕುಂತು ನನ್ನ ಜಾಡಿಗೆ ಕಣ್ಣು ಹಾಕ್ಯಾನ ಇವ!" ಎಂದು ವೈನಿಯ ಕಡೆ ತಿರುಗಿದಳು. "ಯವ್ವಾ, ಇನ್ನ ಬಡಸಾಕಿ ನೀನ. ಇವನ ಕೈಗೆ ಮಾತ್ರ ಕೊಡಬ್ಯಾಡ."

ಇದು ಮತ್ತದೇ ತಪ್ಪು ತರ್ಕ. ಕಣ್ಣಿಗೂ ಬೂಷ್ಟಿಗೂ ಏನು ಸಂಬಂಧ? ಆದರೆ ಅದನ್ನು ಅಲ್ಲಗಳೆದರೆ ವೈನಿಯ ಗೆಲುವೂ ಬಿದ್ದುಹೋಗುತ್ತದೆ. ವರ್ಷದ ಬಳಿಕ ಈಗ ಅವರು ತಮ್ಮ ತಟ್ಟೆಗೆ ತಾವೇ ರಂಜಕ ಹಾಕಿಕೊಳ್ಳುತ್ತಿದ್ದರು. ವಾದ ಬಿಟ್ಟು ನನ್ನ ತಟ್ಟೆ ಮುಂದೆ ಸರಿಸಿದೆ.

ನನಗೆ ಬಡಿಸಲು ಬಂದಾಗ ವೈನಿ ಮೆಲ್ಲಗೆ ಹೇಳಿದರು: "ಚಮಚ ತೊಳದ ಮ್ಯಾಲ ಒರಸಬೇಕ್ರಿ. ಹೋದ ವರ್ಷನೂ ನನ್ನ ಜಾಡಿ ಕೆಡಿಸಿದ್ದು ನಿಮ್ಮ ಹಸಿ ಚಮಚಾನ."

"ಮೊದಲ ಹೇಳಬಾರದಿತ್ತೇನ್ರಿ?"

"ಹೇಳಿದ್ರ ವಾದ ಮಾಡ್ತಿದ್ರಿ."

ಒಂದು ಜಾಡಿಯಿಂದ ಏನೂ ಸಾಬೀತಾಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು, ಕೆಟ್ಟ ಜಾಡಿಗಳು ಈಗ ಎರಡಾಗಿದ್ದವು. ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡೆ.