ಗಿರಣಿ ಬಸಯ್ಯನವರ ಎದೆಯ ‘ಪೀಂ’

“ಇನ್ನ ಯಮಾ ಬಂದ್ರೂ ಬಾಗಿಲದಾಗ ನಿಂತು, ನನ್ನ ಕೇಳೇ ಒಳಗ ಬರಬೇಕು!”

ಬೈಲಹೊಂಗಲದಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಬಸಯ್ಯನವರು ಆಸ್ಪತ್ರೆಯಿಂದ ಬಂದ ದಿನವೇ ಹೀಗೆ ಸಾರಿಬಿಟ್ಟರು. ತಿಂಗಳ ಹಿಂದೆ ಅವರು ಗಿರಣಿಯಲ್ಲೇ ಜೋಳದ ಚೀಲದ ಪಕ್ಕ ಕುಸಿದು ಬಿದ್ದಿದ್ದರು. ಹೃದಯದ ಬಡಿತ ಲಯ ತಪ್ಪಿತ್ತು. ಈಗ ಎಡ ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರ ಕೂತಿದೆ. ಬಡಿತ ಮತ್ತೆ ಕೆಟ್ಟರೆ ಒಳಗಿಂದಲೇ ಕರೆಂಟು ಕೊಟ್ಟು ದಾರಿಗೆ ತರುತ್ತದೆ.

ಡಾಕ್ಟರು ಹೇಳಿದ್ದು ಮೂರೇ ಮಾತು. ಓಡುವ ಮೋಟರಿನಿಂದ ದೂರವಿರಿ, ಎಡಗಿಸೆಯಲ್ಲಿ ಮೊಬೈಲ್ ಬೇಡ, ಎದೆಯ ಹತ್ತಿರ ಅಯಸ್ಕಾಂತ ಬೇಡ. ಬಸಯ್ಯನವರು ಅದನ್ನು ಮೂವತ್ತು ಮಾಡಿಕೊಂಡರು! ಮೋಟರು ಮಗ ಗೌರೀಶನ ಪಾಲಾಯಿತು. ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿದ್ದ ಪ್ಲಾಸ್ಟಿಕ್ ಗಿಳಿಗೂ ಮನೆ ಬಿಡಿಸಿದರು. ಹೆಂಡತಿ ಗುರವ್ವ ಅವರ ಅಂಗಿಗಳ ಎಡಗಿಸೆಗಳನ್ನೆಲ್ಲ ಹೊಲಿದು ಮುಚ್ಚಿದಳು. ಅವರು ಬಿದ್ದ ದಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳೇ.

ಸೋಮವಾರ ಬೆಳಗ್ಗೆ, ಮೋಟರು ಶುರುವಾಗುವ ಮೊದಲು, ಬಸಯ್ಯನವರು ಕಾಳು ಸುರಿಯುವ ಡಬ್ಬಿ ಒರೆಸುತ್ತಿದ್ದರು. ಓಣಿಯ ಗಿರಾಕಿ ನೂರಬಿ ಜೋಳ ತಂದಿಳಿಸಿದಳು. ಅಷ್ಟರಲ್ಲಿ ಅವರ ಎದೆಯೊಳಗಿಂದ “ಪೀಂ!”

“ನೂರಬೀ! ನಿನ್ನ ಮೊಬೈಲಾ!”

“ಅಯ್ಯಾರ, ಅದು ಬಂದ್ ಐತ್ರಿ.”

“ಬಂದ್ ಇದ್ರೂ ಬುಟ್ಟ್ಯಾಗ ಹಾಕು!”

ಬಾಗಿಲಿಗೆ ಬುಟ್ಟಿ ಬಂತು. ಮಂಗಳವಾರ ಮತ್ತೆ “ಪೀಂ!” ಗಿರಾಕಿಗಳ ಕೈಗಡಿಯಾರ, ಬೀಗದಕೈಗಳೂ ಬುಟ್ಟಿಗೆ ಬಿದ್ದವು. ಬುಧವಾರವೂ “ಪೀಂ!” ಎಲ್ಲರೂ ಹತ್ತು ಹೆಜ್ಜೆ ದೂರ ನಿಲ್ಲಬೇಕೆಂದು ಸುಣ್ಣದ ಗೆರೆ ಎಳೆಸಿದರು. ಅರ್ಧ ಓಣಿ ಬೇರೆ ಗಿರಣಿಯ ದಾರಿ ಹಿಡಿಯಿತು.

“ಡಾಕ್ಟರಿಗೆ ಒಂದು ಫೋನ್ ಮಾಡ್ರಿ,” ಎಂದಳು ಗುರವ್ವ.

“ಯಂತ್ರ ಸರಿ ಐತಿ, ಮಂದಿ ಸರಿ ಇಲ್ಲ!”

ಗುರುವಾರ ಅವರು ಡಬ್ಬಿ ಒರೆಸುತ್ತಿದ್ದಾಗ ಅಂಗಿಯ ಗುಂಡಿ ಜೋತಾಡುವುದು ಗುರವ್ವನ ಕಣ್ಣಿಗೆ ಬಿತ್ತು. “ಸುಮ್ಮ ನಿಲ್ರಿ, ಗುಂಡಿ ಹಚ್ಚತೇನಿ,” ಎಂದು ಸೂಜಿದಾರ ಹಿಡಿದು ಹತ್ತಿರ ಬಂದಳು. ಸೂಜಿ ಕೈಜಾರಿತು. ನೆಲಕ್ಕೆ ಬೀಳಲಿಲ್ಲ, ಗಂಡನ ಎದೆಗೆ ಹೋಗಿ ಅಂಟಿತು! ಕಿತ್ತಳು. ಬಿಟ್ಟಳು. ಮತ್ತೆ ಅಂಟಿತು. ಒಳಗಿಂದ “ಪೀಂ!”

ಗುರವ್ವ ಸೀದಾ ಅಂಗಿಯೊಳಗೆ ಕೈ ಹಾಕಿ, ಬನಿಯನ್ನಿನ ಎಡಗಿಸೆಯಿಂದ ಒಂದು ಅಯಸ್ಕಾಂತ ಹೊರತೆಗೆದಳು. ಜೋಳದಲ್ಲಿನ ಮೊಳೆ, ತಂತಿಯ ಚೂರು ಬೀಸುಕಲ್ಲಿಗೆ ಹೋಗದಂತೆ ಹಿಡಿಯಲು ಡಬ್ಬಿಯೊಳಗೆ ಇಡುವಂಥದ್ದು. ದಿನಾ ಬೆಳಗ್ಗೆ ಡಬ್ಬಿ ಒರೆಸುವಾಗ ಅದನ್ನು ತೆಗೆದು ಆ ಕಿಸೆಗೆ ಹಾಕಿಕೊಳ್ಳುವುದು ಇಪ್ಪತ್ತು ವರ್ಷದ ರೂಢಿ. ಆಪರೇಷನ್ ಆದದ್ದು ಎದೆಗೆ, ಕೈಗಲ್ಲವಲ್ಲ!

“ಅಯ್ಯಾರ, ಬುಟ್ಟ್ಯಾಗ ಕುಂದರಬೇಕಾದವರು ನೀವ ನೋಡ್ರಿ!” ಎಂದಳು ಗೆರೆಯಾಚೆ ನಿಂತಿದ್ದ ನೂರಬಿ. ಗಿರಣಿಯೇ ನಕ್ಕಿತು. ಬಸಯ್ಯನವರೂ ನಕ್ಕರು.

ಗೌರೀಶ ಡಾಕ್ಟರಿಗೆ ಫೋನು ಹಚ್ಚಿದ. ಉತ್ತರ ಎಲ್ಲರಿಗೂ ಕೇಳಿಸಿತು: “ಅಯಸ್ಕಾಂತ ಹತ್ತಿರ ಇರೋತನಕ ಯಂತ್ರ ಕರೆಂಟ್ ಕೊಡೂದಿಲ್ರಿ. ಅದನ್ನ ಹೇಳಾಕ ಅದು ಹಂಗ ಒದರತದ.”

ನಗು ನಿಂತಿತು. ಗುರವ್ವ ಜೋಳದ ಚೀಲದ ಮೇಲೆ ಕುಸಿದು ಕೂತಳು.

“ನಾಕು ದಿನಾ ಒದರೇತಿ. ನೀವು ಮಂದೀನ ಬೈಕೋತ ಅಡ್ಡಾಡಿದ್ರಿ. ಆವಾಗ ಬಿದ್ದಿದ್ರ ನಾ ಏನ್ ಮಾಡ್ಲಿ?”

ಬಸಯ್ಯನವರಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ತಾವೇ ಹೋಗಿ ಗೆರೆ ಅಳಿಸಿ, ಬುಟ್ಟಿ ಒಳಗಿಟ್ಟರು.

ಅಯಸ್ಕಾಂತ ಈಗ ಗೌರೀಶನ ವಶದಲ್ಲಿದೆ. ಆದರೂ ಗುರವ್ವನಿಗೆ ನಂಬಿಕೆಯಿಲ್ಲ. ದಿನಾ ಬೆಳಗ್ಗೆ ಗಂಡನನ್ನು ಹೊಸ್ತಿಲಲ್ಲಿ ತಡೆದು, ದಾರಕ್ಕೆ ಕಟ್ಟಿದ ಸೂಜಿಯನ್ನು ಎದೆಯ ಮುಂದೆ ಇಳಿಬಿಡುತ್ತಾಳೆ. ಗಿರಾಕಿಗಳು ಹಿಂದೆ ಕಾಯುತ್ತಾರೆ. ಯಮನನ್ನೇ ಬಾಗಿಲಲ್ಲಿ ನಿಲ್ಲಿಸುವೆನೆಂದ ಬಸಯ್ಯನವರು ತಮ್ಮದೇ ಗಿರಣಿಯ ಬಾಗಿಲಲ್ಲಿ ಕೈಕಟ್ಟಿ ನಿಂತು ಕೇಳುತ್ತಾರೆ:

“ಗುರವ್ವಾ, ಒಳಗ ಬರ್ಲೇನ?”