ಅ ಎಂಬುದು ಆ

ಜೂಜು ನಂಬಿ ಕೆಟ್ಟವರನ್ನು ನಾನು ನೋಡಿದ್ದೇನೆ. ಹತ್ತಿಯ ಧಾರಣೆ ನಂಬಿ ಕೆಟ್ಟವರಂತೂ ನಮ್ಮ ಗದಗಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಆದರೆ ಗ್ರೀಸ್ ದೇಶದಿಂದ ಬಂದ ಮೂರು ವಾಕ್ಯಗಳನ್ನು ನಂಬಿ ಅನ್ನಕ್ಕೆ ಸಂಚಕಾರ ತಂದುಕೊಂಡವನು ಇಡೀ ಗದಗ-ಬೆಟಗೇರಿಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಆದ್ದರಿಂದ ಹೇಳಿಯೇ ಬಿಡುತ್ತೇನೆ.

ಎಪ್ಪತ್ತರ ದಶಕದ ನಡುಗಾಲ. ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಮತ್ತು ಪಾಶ್ಚಾತ್ಯ ತತ್ತ್ವಶಾಸ್ತ್ರ ಕಲಿಸುವ ಹಂಗಾಮಿ ಅಧ್ಯಾಪಕ. ಹಂಗಾಮಿ ಎಂದರೆ ಏಪ್ರಿಲ್‌ನಲ್ಲಿ ಒಂದು ಚೀಟಿ ಬಂದು ನೀನು ಅಧ್ಯಾಪಕನಲ್ಲ ಎನ್ನುತ್ತಿತ್ತು, ಜೂನ್‌ನಲ್ಲಿ ಇನ್ನೊಂದು ಚೀಟಿ ಬಂದು ಹೌದು ಎನ್ನುತ್ತಿತ್ತು. ನಡುವಿನ ಎರಡು ತಿಂಗಳು ನಾನು ಏನು ಎಂಬುದು ನನಗೂ ಗೊತ್ತಿರಲಿಲ್ಲ, ಕಿರಾಣಿ ಅಂಗಡಿಯವರಿಗೂ ಗೊತ್ತಿರಲಿಲ್ಲ. ಇಂಥ ಮನುಷ್ಯ ಜೂನ್ ಬಂದ ಕೂಡಲೇ ಸೀಮೆಸುಣ್ಣ ಹಿಡಿದು ಹುಡುಗರಿಗೆ ಏನು ಕಲಿಸುತ್ತಿದ್ದ ಎಂದರೆ ಚಿಂತನೆಯ ಮೂರು ಮೂಲ ನಿಯಮಗಳನ್ನು! ಒಂದು, ಯಾವುದೇ ವಸ್ತು ತಾನೇ ಆಗಿರುತ್ತದೆ. ಅ ಎಂಬುದು ಅ. ಎರಡು, ಅದು ಏಕಕಾಲಕ್ಕೆ ಹೌದೂ ಅಲ್ಲವೂ ಆಗಲಾರದು. ಮೂರು, ಹೌದು ಇಲ್ಲವೇ ಅಲ್ಲ, ಇವೆರಡರ ನಡುವೆ ಮೂರನೆಯ ಜಾಗವೇ ಇಲ್ಲ. ಪಶ್ಚಿಮದವರ ಇಡೀ ತತ್ತ್ವಶಾಸ್ತ್ರ ಈ ಮೂರು ಒಲೆಗುಂಡುಗಳ ಮೇಲೆ ಇಟ್ಟ ಗಡಿಗೆ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ.

ನಮ್ಮ ಕಡೆಯ ಜನ ಮಾತ್ರ ಈ ಗುಂಡುಗಳನ್ನು ದಿನಕ್ಕೆ ಹತ್ತು ಸಲ ಒದ್ದು ಉರುಳಿಸುತ್ತಾರೆ. ಒಮ್ಮೆ ಹರ್ತಿ ಹಳ್ಳಿಯ ಒಬ್ಬ ಹುಡುಗ ಎದ್ದು ನಿಂತು, “ಸರ್, ನಮ್ಮಪ್ಪಗ ಏನರ ಕೇಳಿದ್ರ ಹೌದೂ ಅನ್ನಂಗಿಲ್ಲ, ಅಲ್ಲಾನೂ ಅನ್ನಂಗಿಲ್ಲ. ‘ನೋಡೋಣು’ ಅಂತಾನ. ಅದು ಯಾವ ನಿಯಮದಾಗ ಬರತೈತ್ರಿ?” ಎಂದ. “ಅದು ಪರೀಕ್ಷೆಗೆ ಬರುವುದಿಲ್ಲ, ಕುಂಡ್ರು” ಎಂದೆ. ಮನೆಯಲ್ಲಿ ಹೀಗೆ ಗದರಿಸುವ ಅನುಕೂಲವಿರಲಿಲ್ಲ. ನನ್ನ ಹೆಂಡತಿ ಸರೋಜಾ ಮುಂಡರಗಿಯ ತವರಿಗೆ ಹೊರಟು ನಿಂತು, “ಬರ್ತೀನ್ರಿ” ಎನ್ನುತ್ತಾಳೆ, ಹೋಗುತ್ತಾಳೆ. ಹೋಗುವವಳು ಬರ್ತೀನಿ ಅನ್ನುವುದು ಎರಡನೆಯ ನಿಯಮಕ್ಕೆ ವಿರುದ್ಧ ಎಂದು ಮದುವೆಯಾದ ಹೊಸದರಲ್ಲಿ ತಿದ್ದಲು ಹೋಗಿದ್ದೆ. “ಹಂಗಾದ್ರ ಹೋಗ್ತೀನಿ ಅನ್ಲೇನ್ರಿ?” ಎಂದು ಆಕೆ ನೋಡಿದ ನೋಟಕ್ಕೆ ಆ ಪಾಠವನ್ನು ಅಲ್ಲಿಗೇ ಮುಗಿಸಿದೆ.

ಇದೆಲ್ಲಕ್ಕಿಂತ ದೊಡ್ಡ ಶತ್ರು ‘ಆತು’ ಎಂಬ ಶಬ್ದ. ಅಡಿಗೆ ಮುಗಿಯಿತೇ ಎಂದರೆ “ಆತು” ಎನ್ನುತ್ತಾಳೆ. ಅಕ್ಕಿ ಇನ್ನೂ ಮೊರದಲ್ಲಿರುತ್ತದೆ. ನಮ್ಮಲ್ಲಿ ಆತು ಎಂದರೆ ಮುಗಿಯಿತು, ಆಗಲಿ, ಒಪ್ಪಿದೆ, ಕೇಳಿಸಿತು, ಸಾಕು ಮಾಡು, ನಿನ್ನ ಕಾಟ ತಪ್ಪಿದರೆ ಸಾಕು, ಇವೆಲ್ಲವೂ ಹೌದು. ಈ ಶಬ್ದವನ್ನು ಜೀವನದಲ್ಲಿ ಬಳಸುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದೆ. ಪ್ರತಿಜ್ಞೆಯನ್ನು ಒಂದೇ ಒಂದು ಸಲ ಮುರಿದೆ ನೋಡಿ.

ಆ ವರ್ಷ ಕಾಲೇಜಿನಲ್ಲಿ ಒಂದು ಕಾಯಂ ಜಾಗ ತೆರವಾಯಿತು. ಆಡಳಿತ ಮಂಡಳಿಯ ಕಾರ್ಯಾಧ್ಯಕ್ಷರು ಲಕ್ಷ್ಮೇಶ್ವರದ ಸಾಹುಕಾರರು, ಶೇಂಗಾದ ವ್ಯಾಪಾರದವರು. ಅವರು ನನ್ನನ್ನು ಕರೆಸಿ, “ಮಾಸ್ತರ, ನಮ್ಮ ಹುಡುಗರು ಕನ್ನಡದಾಗ ಕಲಿಯವ್ರು. ಕನ್ನಡದಾಗ ಒಂದು ತರ್ಕದ ಪುಸ್ತಕ ಬರೀರಿ. ಸಂದರ್ಶನದ ದಿವಸ ನನ್ನ ಕೈಯಾಗ ಇರಬೇಕು. ಇಲ್ಲಂದ್ರ ಧಾರವಾಡದಿಂದ ಬ್ಯಾರೆಯವ್ರನ್ನ ತರಬೇಕಾಗತೈತಿ” ಎಂದರು. ಮನೆಯಲ್ಲಿ ಸರೋಜಾ ಐದು ತಿಂಗಳ ಬಸುರಿ. ಹುಟ್ಟುವ ಕೂಸಿನ ಅಪ್ಪ ಅಧ್ಯಾಪಕ ಹೌದೋ ಅಲ್ಲವೋ ಎಂಬುದು ಆ ಪುಸ್ತಕದ ಮೇಲೆ ನಿಂತಿತು. ಒಂದೂವರೆ ತಿಂಗಳು ಕೂತು ಮೂವತ್ತೆರಡು ಪುಟದ ಪುಸ್ತಕ ಬರೆದೆ.

ಬೆಟಗೇರಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಮಾಬುಸಾಬ ಎಂಬ ಹಿರಿಯರು ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮನೆಯಲ್ಲಿ ಉರ್ದು ಮಾತಾಡುವ ಈ ಮನುಷ್ಯನಷ್ಟು ಕನ್ನಡದ ಕಾಗುಣಿತ ಬಲ್ಲವರು ಊರಲ್ಲಿ ಇರಲಿಲ್ಲ. ಸೀಸದ ಅಕ್ಷರಗಳನ್ನು ತಲೆಕೆಳಗಾಗಿಯೇ ಓದಿ, ಪಂಡಿತರ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿಬಿಡುತ್ತಿದ್ದರು. ಹದಿನಾರು ಪುಟ ಜೋಡಿಸಿ ಕಟ್ಟಿದ್ದಕ್ಕೆ ಅವರು ಫಾರ್ಮು ಎನ್ನುತ್ತಾರೆ. ಅದು ಅಚ್ಚಾಗಿ, ಬಿಚ್ಚಿ, ಮೊಳೆಗಳು ಮರಳಿ ತಮ್ಮ ತಮ್ಮ ಖಾನೆಗೆ ಬರುವವರೆಗೆ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ನನ್ನ ಪುಸ್ತಕ ಎರಡು ಫಾರ್ಮಿನದು. ಮೊದಲನೆಯದರ ಕರಡು ನಾನೇ ನೋಡಿ ಕೊಟ್ಟೆ. ಲಗ್ನಪತ್ರಿಕೆಗಳ ಹಂಗಾಮು ಜೋರಾಗಿದ್ದರಿಂದ ಅದು ಅಚ್ಚಿನ ಸರದಿಗಾಗಿ ಕಟ್ಟಿದ ಹಾಗೆಯೇ ಕಾಯುತ್ತ ಕುಳಿತಿತು.

ಅಷ್ಟರಲ್ಲಿ ಮುಂಡರಗಿಯಲ್ಲಿ ನಾದಿನಿಯ ನಿಶ್ಚಯ ಬಂತು. ಹೊರಡುವ ದಿನ ಬೆಳಿಗ್ಗೆ ಮುಖಕ್ಕೆಲ್ಲ ಸಾಬೂನು ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದೆ. “ಬಸ್ಸು ಹೋಗತೈತ್ರೀ, ಜಲ್ದಿ!” ಎಂದು ಸರೋಜಾ ಒಳಗಿನಿಂದ ಕೂಗುತ್ತಿದ್ದಳು. ಬಾಗಿಲಲ್ಲಿ ಮಾಬುಸಾಬರು ನಿಂತು ಏನೋ ಕೇಳಿದರು. ‘ಮುಗದಾವ್ರಿ’ ಎಂಬುದೊಂದು ಕೇಳಿಸಿತು, ‘ಹಾಕಲೇನ್ರಿ’ ಎಂಬುದೊಂದು ಕೇಳಿಸಿತು. ಎರಡನೆಯ ಫಾರ್ಮಿನ ಪುಟಗಳು ಮುಗಿದಿವೆ, ಕರಡು ತೋರಿಸದೆ ಮಿಷನ್ನಿಗೆ ಹಾಕಲೇ ಎನ್ನುತ್ತಿದ್ದಾರೆ ಎಂದುಕೊಂಡೆ. ಸಾಬೂನಿನ ಬಾಯಲ್ಲಿ ಅಂದುಬಿಟ್ಟೆ: “ಆತು!”

ಸಂದರ್ಶನ ಗುರುವಾರ. ಪುಸ್ತಕದ ಒಂದಷ್ಟು ಪ್ರತಿಗಳು ಮಂಗಳವಾರ ಸಂಜೆ ಮನೆಗೆ ಬಂದವು. ಘಮಘಮ ಮಸಿಯ ವಾಸನೆ. ಸರೋಜಾ ಕುಂಕುಮ ಹಚ್ಚಿದಳು. ನಾನು ಹೆಮ್ಮೆಯಿಂದ ಹದಿನೇಳನೆಯ ಪುಟ ತೆಗೆದೆ. ‘ಮೊದಲನೆಯ ನಿಯಮ: ಅ ಎಂಬುದು ಆ’ ಎಂದಿತ್ತು. ಕನ್ನಡಕ ಒರೆಸಿ ಮತ್ತೆ ನೋಡಿದೆ. ಹದಿನೆಂಟನೆಯ ಪುಟದಲ್ಲೂ ಅದೇ. ‘ಅ ಎಂಬುದು ಆ ಎಂಬುದನ್ನು ಹುಚ್ಚನ ಹೊರತು ಯಾರೂ ಅಲ್ಲಗಳೆಯಲಾರರು’ ಎಂದು ನಾನೇ ಬರೆದಂತೆ ಅಚ್ಚಾಗಿತ್ತು. ಎಲ್ಲವನ್ನೂ ಸಂಶಯಿಸುತ್ತ ಹೋಗು, ಕೊನೆಗೆ ಸಂಶಯಿಸುವ ನೀನಾದರೂ ಇರುವುದು ಖಾತ್ರಿ ಎಂದು ಯುರೋಪಿನಲ್ಲಿ ಒಂದು ವಾದವಿದೆ. ಆ ಗಳಿಗೆಯಲ್ಲಿ ನಾನು ಇರುವುದೂ ನನಗೆ ಖಾತ್ರಿ ಇರಲಿಲ್ಲ. ಸೈಕಲ್ ಹತ್ತಿ ಬೆಟಗೇರಿಗೆ ಓಡಿದೆ.

“ಮಾಬುಸಾಬರ, ಏನು ಮಾಡಿಟ್ರಿ ಇದು? ಅ ಎಂಬುದು ಆ ಅಂತ ಐತಲ್ರೀ!”

“ಹೌದ್ರಿ, ನಾನ ಜೋಡಿಸೇನಿ” ಎಂದರು ಶಾಂತವಾಗಿ. “ಮೊದಲನೇ ಫಾರ್ಮಿನ್ಯಾಗ ಅ ಎಲ್ಲಾ ಸಿಕ್ಕೊಂಡಿದ್ವು. ಅದಕ್ಕ ನಿಮ್ಮ ಮನೀಗೆ ಬಂದು ಕೇಳೇನಿ, ಅ ಮುಗದಾವ್ರಿ, ಆ ಹಾಕಲೇನ್ರಿ ಅಂತ. ನೀವು ಆತು ಅಂದ್ರಿ. ಬಾಯಾಗ ಸಾಬೂನಿತ್ತು, ಖರೆ, ಆದ್ರ ಆತು ಅಂದ್ರಿ.”

ಆತು ಅಂದದ್ದು ನಿಜವೇ. ಆದರೂ ಬಿಡಲಿಲ್ಲ. “ಒಂದೇ ಸಾಲಿನ್ಯಾಗ ಮೊದಲನೇದು ಅ, ಎರಡನೇದು ಆ ಯಾಕ?”

“ಹಂಚಿ ಹಾಕೇನ್ರಿ. ಶಬ್ದದ ಒಳಗಿನ ಅ ಮುಟ್ಟಿಲ್ಲ, ಅವಕ್ಕ ಅರ್ಥ ಐತಿ. ನಿಮ್ಮ ಒಂಟಿ ಅ ಇದ್ದಲ್ಲಿ ಸಾಲಿಗೊಂದು ಖರೆ ಅ, ಒಂದು ಬದಲಿ. ರೇಷನ್ ಅಂಗಡ್ಯಾಗ ಸಕ್ಕರಿ ಹೆಂಗ ಕೊಡ್ತಾರ, ಹಂಗ. ಇದ್ದದ್ದೆಲ್ಲಾ ಒಂದ ಪುಟಕ್ಕ ಸುರದ್ರ ಮುಂದಿನ ಪುಟಕ್ಕ ಅನ್ಯಾಯ ಆಗಂಗಿಲ್ಲೇನ್ರಿ?” ಎಂದು, ಸ್ವಲ್ಪ ತಡೆದು, “ಸಿಟ್ಟಾಗಬ್ಯಾಡ್ರಿ ಸರ್, ಒಂದು ಮಾತು. ಅ ಎಂಬುದು ಅ ಅಂತ ಹೇಳಾಕ ಪುಸ್ತಕ ಯಾಕ ಬೇಕ್ರಿ? ಅ ಎಂಬುದು ಆ ಅಂದ್ರ ಏನರ ಹೊಸಾದು ಹೇಳಿದಂಗರ ಆಗತೈತಿ” ಎಂದರು.

ಎರಡು ಸಾವಿರ ವರ್ಷಗಳಿಂದ ದೊಡ್ಡ ದೊಡ್ಡವರು ಜಗಳವಾಡಿದ ವಿಷಯವನ್ನು ಅವರು ಚಿಮಟಿಗೆ ಹಿಡಿದುಕೊಂಡೇ ಹೇಳಿದ್ದರು. ನನಗೋ ಗುರುವಾರದ ಚಿಂತೆ. ಮತ್ತೆ ಅಚ್ಚು ಹಾಕಲು ದಿನವಿಲ್ಲ. ಕೊನೆಗೆ ತಪ್ಪು ತಿದ್ದುವ ಒಂದು ಚೀಟಿ, ಅಂದರೆ ಒಪ್ಪೋಲೆ, ಅಚ್ಚು ಹಾಕಿ ಅಲ್ಲಿ ಉಳಿದ ಪ್ರತಿಗಳಿಗೆ ಅಂಟಿಸುವುದು ಎಂದಾಯಿತು. ‘ಹದಿನೇಳನೆಯ ಪುಟದಿಂದ ಮುಂದೆ, ತಪ್ಪು: ಆ, ಒಪ್ಪು: ಅ’ ಎಂದು ನನ್ನ ಕೈಯಾರೆ ಬರೆದು ಕೊಟ್ಟೆ. “ಚಿಂತಿ ಬಿಡ್ರಿ, ಗುರುವಾರ ಮುಂಜಾನೆ ಕಾಲೇಜಿಗೆ ತಂದು ಕೊಡ್ತೀನಿ” ಎಂದರು.

ಮಾತಿಗೆ ತಪ್ಪಲಿಲ್ಲ. ಗುರುವಾರ ಬೆಳಿಗ್ಗೆ ಒಳಗಿನಿಂದ ನನ್ನ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ, ಒಪ್ಪೋಲೆ ಅಂಟಿಸಿದ ಪ್ರತಿಗಳನ್ನು ಬಾಗಿಲಲ್ಲಿ ನನ್ನ ಕೈಗಿಟ್ಟರು. ತೆರೆದು ನೋಡಲೂ ಸಮಯವಿಲ್ಲದೆ ಒಳಗೆ ಹೋದೆ. ಸಾಹುಕಾರರ ಪಕ್ಕದಲ್ಲಿ ಧಾರವಾಡದಿಂದ ಬಂದ ವೃದ್ಧ ಪ್ರಾಧ್ಯಾಪಕರು, ವಿಷಯತಜ್ಞರು, ಕುಳಿತಿದ್ದರು. ಸಾಹುಕಾರರು ಪುಸ್ತಕ ತೆಗೆದರು. ಅವರ ಕೈಗೆ ನೇರವಾಗಿ ಹದಿನೇಳನೆಯ ಪುಟವೇ ಬಂತು. ನಮ್ಮ ಹಣೆಬರಹ ಯಾವಾಗಲೂ ಆ ಪುಟದಲ್ಲೇ ತೆರೆದುಕೊಳ್ಳುತ್ತದೆ.

“ಏನ್ರೀ ಮಾಸ್ತರ, ನಮಗ ಸಾಲ್ಯಾಗ ಅ ಬ್ಯಾರೆ, ಆ ಬ್ಯಾರೆ ಅಂತ ಕಲಿಸಿದ್ರು. ನೀವು ಅ ಅಂದ್ರ ಆ ಅಂತೀರಿ. ಇದು ತಪ್ಪೈತೋ, ಬರೋಬರಿ ಐತೋ? ಎರಡರಾಗ ಒಂದು ಹೇಳ್ರಿ.”

ಎರಡರಲ್ಲಿ ಒಂದು! ಹುಡುಗರಿಗೆ ವರ್ಷವಿಡೀ ಇದನ್ನೇ ಬಡಿದು ಹೇಳಿದವನು ನಾನು. ತಪ್ಪು ಎಂದರೆ ಜಾಗ ಹೋಯಿತು, ಸರಿ ಎಂದರೆ ಶಾಸ್ತ್ರ ಹೋಯಿತು. ಸರೋಜಾಳ ಹೊಟ್ಟೆ ಕಣ್ಣ ಮುಂದೆ ಬಂತು. “ತಪ್ಪೂ ಹೌದ್ರಿ, ಬರೋಬರಿನೂ ಹೌದ್ರಿ... ಒಟ್ಟಾರೆ, ನೋಡೋಣ್ರಿ” ಎಂದೆ. ಹರ್ತಿಯ ಹುಡುಗನ ಅಪ್ಪ ನನ್ನ ಬಾಯಲ್ಲಿ ಬಂದು ಕುಳಿತಿದ್ದ. ಕೂಡಲೇ ಧೈರ್ಯ ತಂದುಕೊಂಡು, “ಮುದ್ರಣದೋಷ ಸರ್. ಒಪ್ಪೋಲೆ ಇದೆ, ಕೊನೆಯ ಪುಟಕ್ಕೆ ಅಂಟಿಸಿದ್ದೇನೆ” ಎಂದೆ.

ಪ್ರಾಧ್ಯಾಪಕರು ಕೊನೆಯ ಪುಟ ತೆಗೆದು ಗಟ್ಟಿಯಾಗಿ ಓದಿದರು: “ತಪ್ಪು: ಅ. ಒಪ್ಪು: ಅ.”

ಓದಿದ್ದನ್ನೇ ಇನ್ನೊಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಪ್ರಾಧ್ಯಾಪಕರ ಭುಜಗಳು ಅಲುಗಾಡತೊಡಗಿದವು. ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. “ಸಾಹುಕಾರ್ರ, ನಾನು ಮೂವತ್ತು ವರ್ಷ ಇದನ್ನ ಕಲಿಸೇನಿ. ಅ ಅಂದ್ರ ಅ, ತಪ್ಪಾದ್ರೂ ಅ, ಒಪ್ಪಾದ್ರೂ ಅ! ಇಷ್ಟು ನಿಚ್ಚಳ ಯಾರೂ ಅಚ್ಚು ಹಾಕಿದ್ದಿಲ್ಲ” ಎಂದರು. ಅವರು ಏಕೆ ನಗುತ್ತಿದ್ದಾರೆಂದು ಸಾಹುಕಾರರಿಗೆ ತಿಳಿಯಲಿಲ್ಲ. ಆದರೂ ಧಾರವಾಡದವರು ನಗುವಾಗ ತಾವು ಸುಮ್ಮನಿರುವುದು ಸರಿಯಲ್ಲವೆಂದು ತಾವೂ ನಕ್ಕರು. ನಕ್ಕು ಮುಗಿಸಿ ನನ್ನ ಕಡೆ ತಿರುಗಿ, “ಆತು. ನಿಮ್ದು ಆತು, ಹೋಗ್ರಿ” ಎಂದರು.

ಹೊರಗೆ ಮಾಬುಸಾಬರು ಇನ್ನೂ ನಿಂತಿದ್ದರು. ನನ್ನ ಮುಖ ನೋಡಿ, ಕೇಳುವ ಮೊದಲೇ ಕಾರಣ ಹೇಳಿದರು. ಮೊದಲನೆಯ ಫಾರ್ಮು ಬಿಚ್ಚಿದ್ದರಿಂದ ಈಗ ಅ ಬೇಕಾದಷ್ಟು ಇದ್ದುವಂತೆ. ಎರಡನೆಯದನ್ನು ಇನ್ನೂ ಬಿಚ್ಚಿಲ್ಲವಾದ್ದರಿಂದ ಆ ಎಲ್ಲವೂ ಅದರಲ್ಲಿ ಸಿಕ್ಕಿಕೊಂಡಿದ್ದುವಂತೆ. “ಒಂದು ಆ ಕಿತ್ತು ತಗೀಬಾರದಿತ್ತೇನ್ರೀ?” ಎಂದು ನರಳಿದೆ. “ಛೇ ಛೇ! ಕಟ್ಟಿದ ಫಾರ್ಮಿನ್ಯಾಗಿಂದ ಮೊಳಿ ಕೀಳಬಾರದ್ರಿ. ಅದು ನಮ್ಮ ಧಂದೇದ ಮೂಲತತ್ತ್ವ” ಎಂದರು. ಮೂಲತತ್ತ್ವಕ್ಕಾಗಿ ಪ್ರಾಣ ಬಿಡುವ ಜನ ಗ್ರೀಸಿನಲ್ಲಿ ಮಾತ್ರ ಇದ್ದರು ಎಂದು ನಾನು ತಿಳಿದಿದ್ದೆ. ಇಲ್ಲಿ ಪ್ರಾಣ ನನ್ನದು, ಅಷ್ಟೇ ವ್ಯತ್ಯಾಸ.

ಮನೆಗೆ ಬಂದೆ. “ಏನಾತ್ರಿ?” ಎಂದಳು ಸರೋಜಾ.

“ಆತು ಅಂದ್ರು.”

“ಹಂಗಾದ್ರ ಆತಲ್ರೀ!” ಎಂದು ಹುಗ್ಗಿಗೆ ಗೋಧಿ ತೆಗೆಯಲು ಎದ್ದೇಬಿಟ್ಟಳು. ತಡೆದು ನಿಲ್ಲಿಸಿ, ಕೆಲಸ ಆಯಿತು ಎಂದೂ ಇರಬಹುದು, ಕಥೆ ಮುಗಿಯಿತು ಎಂದೂ ಇರಬಹುದು ಎಂದು ವಿವರಿಸಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು, “ಹೆಂಗ ಅಂದ್ರು? ‘ಆತೂ’ ಅಂತ ಎಳದು ಅಂದ್ರೋ, ‘ಆತ್’ ಅಂತ ಕಡದು ಅಂದ್ರೋ? ಎಳದ್ರ ಕೆಲಸ ಆತು, ಕಡದ್ರ ಕತಿ ಆತು” ಎಂದಳು. ಎಷ್ಟು ನೆನಪಿಸಿಕೊಂಡರೂ ಎಳೆದರೋ ಕಡಿದರೋ ನೆನಪಾಗಲಿಲ್ಲ. ಹ್ರಸ್ವ ದೀರ್ಘ ತಿಳಿಯದ ಮನುಷ್ಯ ಎಂಬಂತೆ ಎರಡು ದಿನದ ಹಿಂದೆ ಮಾಬುಸಾಬರ ಮೇಲೆ ಹಾರಾಡಿದವನು ನಾನೇ. ಹುಗ್ಗಿಯನ್ನಂತೂ ಉಂಡೆವು. ಆಗಿದ್ದರೆ ಸಂತೋಷಕ್ಕಾಯಿತು, ಆಗದಿದ್ದರೆ ಬಸುರಿಯ ಬಯಕೆಗಾಯಿತು ಎಂದಳು.

ಎಂಟು ದಿನಕ್ಕೆ ಕಾಗದ ಬಂತು. ಅಚ್ಚು ಹಾಕಿದ ನಮೂನೆ. ನನ್ನ ಹೆಸರು ತುಂಬಿದ್ದರು, ಸಹಿ ಮಾಡಿದ್ದರು. ಕೆಳಗೆ ‘ನೇಮಕಾತಿ: ಕಾಯಂ / ಹಂಗಾಮಿ. ಬೇಡವಾದದ್ದನ್ನು ಹೊಡೆದುಹಾಕಬೇಕು’ ಎಂದಿತ್ತು. ಎರಡರಲ್ಲಿ ಒಂದನ್ನೂ ಹೊಡೆದಿರಲಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. ಒಂದು ಗೀರೂ ಇಲ್ಲ. ಈಗಲೇ ಲಕ್ಷ್ಮೇಶ್ವರಕ್ಕೆ ಹೋಗಿ ಕೇಳಿಬರುತ್ತೇನೆ ಎಂದು ಅಂಗಿ ತೊಟ್ಟೆ. ಸರೋಜಾ ಬಾಗಿಲಿಗೆ ಅಡ್ಡ ನಿಂತಳು. “ಸುಮ್ನ ಇರಲಾರದ ಇರವಿ ಬಿಟ್ಕೊಂಡಂಗ ಮಾಡಬ್ಯಾಡ್ರಿ. ಕೇಳಿದ್ರ ಒಂದನ್ನ ಹೊಡಿತಾರ. ಯಾವುದನ್ನ ಹೊಡಿತಾರ ಅಂತ ನಿಮ್ಮ ಶಾಸ್ತ್ರದಾಗ ಬರದೈತೇನು?” ಬರೆದಿರಲಿಲ್ಲ. ಅಂಗಿ ಕಳಚಿದೆ.

ಆ ಏಪ್ರಿಲ್‌ನಲ್ಲಿ ಮನೆಗೆ ಮಗಳು ಬಂದಳು, ಚೀಟಿ ಬರಲಿಲ್ಲ. ಮರು ಏಪ್ರಿಲ್‌ನಲ್ಲೂ ಬರಲಿಲ್ಲ. ಪರೀಕ್ಷೆಯಲ್ಲಿ ಹರ್ತಿಯ ಹುಡುಗ ‘ಅ ಎಂಬುದು ಆ’ ಎಂದು ನನ್ನ ಪುಸ್ತಕದಿಂದಲೇ ಬಾಯಿಪಾಠ ಮಾಡಿ ಬರೆದಿದ್ದ. ತಪ್ಪು ಎಂದು ಹೊಡೆಯುವ ಧೈರ್ಯ ಬರಲಿಲ್ಲ, ಸರಿ ಎನ್ನಲು ಮನಸ್ಸು ಬರಲಿಲ್ಲ. ಅರ್ಧ ಅಂಕ ಕೊಟ್ಟೆ. ಈಗ ಹನ್ನೆರಡು ಏಪ್ರಿಲ್‌ಗಳು ದಾಟಿವೆ, ಮಗಳಿಗೆ ಕಾಗುಣಿತ ನನಗಿಂತ ಚೆನ್ನಾಗಿ ಬರುತ್ತದೆ, ಆ ಕಾಗದವನ್ನು ಸರೋಜಾ ಟ್ರಂಕಿನಲ್ಲಿ ತನ್ನ ಧಾರೆ ಸೀರೆಯ ಮಡಿಕೆಯಲ್ಲಿಟ್ಟು ಬೀಗ ಹಾಕಿದ್ದಾಳೆ. ಪ್ರತಿ ಜೂನ್‌ನಲ್ಲಿ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಹೌದು ಮತ್ತು ಅಲ್ಲ, ಇವೆರಡರ ನಡುವೆ ಮೂರನೆಯ ಜಾಗ ಇಲ್ಲ. ಕೈ ಒರೆಸಿಕೊಂಡು ಆಫೀಸಿಗೆ ಹೋಗುತ್ತೇನೆ, ಆ ಜಾಗದ ಪಗಾರ ತೆಗೆದುಕೊಂಡು ಮನೆಗೆ ಬರುತ್ತೇನೆ.