ಉದುರುಗಲ್ಲೂ ನಮ್ಮ ಭಾವನ ಕಾಲೂ

ಬೇರೆಯವರು ನೆಂಟರ ಮನೆಗೆ ಊಟಕ್ಕೆ ಹೋದರೆ ಪಾಯಸ ಬಡಿಸುತ್ತಾರೆ, ನನಗೆ ಕಲ್ಲು ಬಡಿಸುತ್ತಾರೆ. ಮೊದಲ ತುತ್ತು ಗಂಟಲಲ್ಲಿ ಇಳಿದಿರುವುದಿಲ್ಲ, ಯಾರಾದರೊಬ್ಬರು "ಏನ್ ರೈಟ್ರೇ, ಉದುರುಗಲ್ಲು ಹತ್ತಿದ್ರಾ?" ಅಂತ ಶುರು ಮಾಡುತ್ತಾರೆ. ಮದುವೆಯಾದ ದಿನದಿಂದ ಇದು ತಪ್ಪಿಲ್ಲ. ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ಅಣ್ಣ, ಮಗ್ಗೆಯ ನಮ್ಮ ಭಾವ. ಎದುರಿಗೆ ಸಿಕ್ಕಾಗ ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗಲಾದರೂ ಏಕವಚನದ ಸುಖ ನನಗಿರಲಿ.

ಮದುವೆ ಊಟ

ತೊಂಬತ್ತರ ದಶಕದ ಮಾತು. ನಾನಾಗ ಬಿಸಿಲೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಸ್ಟೋರಿನ ಬೀಗ ನನ್ನ ಪಾಲಿನ ಕೆಲಸ. ನಮ್ಮ ತೋಟ ಮುಗಿದ ಮೇಲೆ ಕಾಡು, ಆ ಕಾಡಿನ ಕೊನೆಯಲ್ಲಿ ಒಂದು ಕಲ್ಲು ಕಂಬದ ಹಾಗೆ ಒಂಟಿಯಾಗಿ ನಿಂತಿತ್ತು. ಮುಟ್ಟಿದರೆ ಹಳೇ ಗೋಡೆಯ ಗಾರೆಯಂತೆ ಉದುರುತ್ತಿತ್ತು, ಅದಕ್ಕೇ ಉದುರುಗಲ್ಲು. ಅಲ್ಲಿಗೆ ದಾರಿ ಇರಲಿಲ್ಲ, ಹೋಗಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ.

ಧಾರೆಯಾದ ಮೇಲೆ ಹಿರಿಯರಿಗೆಲ್ಲ ಅಡ್ಡಬಿದ್ದು ನನ್ನ ಸೊಂಟ ಹಿಡಿದುಕೊಂಡಿತ್ತು. ಭಾವ ಅಡುಗೆಯ ಉಸ್ತುವಾರಿಯಲ್ಲಿದ್ದ, ಆಗ ಸಿಕ್ಕಿರಲಿಲ್ಲ. ಊಟದ ಹೊತ್ತಿಗೆ ಸಾರಿನ ಬಕೆಟ್ ಹಿಡಿದು ಬಂದು ನನ್ನೆದುರೇ ನಿಂತ.

"ನಿಮ್ ಎಸ್ಟೇಟ್ ಮೇಲ್ಗಡೆ ಉದುರುಗಲ್ಲೈತಲ್ಲ ರೈಟ್ರೇ, ಅದ್ರ ನೆತ್ತಿ ಮೇಲೆ ನನ್ ಕಾಲೈತೆ. ನನ್ ಮದ್ವೆಗೆ ಮುಂಚೆ ಅಲ್ಲೇ ಫಾರೆಸ್ಟಿನ್ ಮರಕ್ಕೆ ಬಣ್ಣದಲ್ಲಿ ನಂಬರ್ ಹಾಕೋ ಕೆಲ್ಸಕ್ ಬಂದಿದ್ದೆ. ಆ ಕೆಂಪು ಬಣ್ಣನೇ ಬಳ್ಕಂಡು ಬಲಗಾಲು ಒತ್ಬುಟ್ಟು ಬಂದೆ." ಸಾಕ್ಷಿಗೆಂದು ಬಲಗಾಲು ಎತ್ತಿ ತೋರಿಸಿದ. ಅದರಲ್ಲಿ ಆರು ಬೆರಳು.

"ಸುಳ್ಳಿಗೂ ಒಂದು ಮಿತಿ ಇರ್ಬೇಕು ಭಾವ," ಅಂದೆ.

"ಅದಿರ್ಲಿ, ನಂಗೆ ಅಡ್ಡಬೀಳದು ಬಾಕಿ ಐತಲ್ಲ?"

"ಆ ಗುರುತು ಕಣ್ಣಾರೆ ಕಂಡ ದಿನ ಬೀಳ್ತೀನಿ."

ಇಡೀ ಪಂಕ್ತಿ ಕೇಳಿಸಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಹೊಸ ಹೆಂಡತಿ, ತಲೆ ಎತ್ತದೆ, ನಮ್ಮ ಸಂಸಾರದ ಮೊದಲ ಮಾತು ಆಡಿದಳು: "ನಮ್ಮಣ್ಣ ಸುಳ್ ಹೇಳಲ್ಲ. ನೀವು ಹತ್ತಲ್ಲ."

ದಾರಿ ಮಾಡಿದ್ದು

ಹತ್ತಿ ನೋಡಿ, ಮೇಲೆ ಏನೂ ಇಲ್ಲವೆಂದು ಸಾರಿ, ಆ ಸಾರಿನ ಬಕೆಟ್ಟಿನ ಸೊಕ್ಕು ಮುರಿಯಬೇಕೆಂದು ಅವತ್ತೇ ತೀರ್ಮಾನಿಸಿದೆ. ಕೊಯ್ಲು ಮುಗಿದ ಮೇಲೆ, ರಜೆ ಸಿಕ್ಕ ಭಾನುವಾರಗಳಲ್ಲೆಲ್ಲ ಕತ್ತಿ ಹಿಡಿದು ಕಾಡಿಗೆ ನುಗ್ಗಿದೆ. ಬಿದಿರ ಮೆಳೆ, ಲಂಟಾನ, ಮುಳ್ಳುಬಳ್ಳಿ, ಎಲ್ಲವೂ ನನ್ನ ಅಂಗಿಯನ್ನು ತಮ್ಮದೆಂದೇ ತಿಳಿದವು. ಮೊದಲ ಮಳೆ ಬಿದ್ದ ಮೇಲೆ ಇಂಬಳಗಳೂ ಬಂದು ರಕ್ತ ಹೀರಲು ಕಾಲಿಗೆ ಹತ್ತಿದವು. ಸುಣ್ಣ ಹಚ್ಚಿ ಕಿತ್ತೆ, ಮತ್ತೆ ಕಡಿದೆ. ಕಲ್ಲು ಮರಗಳ ಸಂದಿಯಲ್ಲಿ ಕಾಣಿಸುವಷ್ಟು ದೂರ ದಾರಿಯಾಯಿತು. ಇನ್ನೊಂದು ಭಾನುವಾರ ಸಾಕು ಅಂದುಕೊಂಡು ಮನೆಗೆ ಬಂದು ಮಲಗಿದೆ.

ಆ ಭಾನುವಾರದೊಳಗೆ ಮೇಲಿನ ಕಾಡಿನಿಂದ ಆನೆಗಳು ನನ್ನ ದಾರಿಯಲ್ಲೇ ಇಳಿದು ಬಂದವು. ತೋಟದ ಹಲಸು ತಿಂದವು, ಬಾಳೆ ಮುರಿದವು, ಕಾಫಿ ಗಿಡ ತುಳಿದವು. ಸಾಹುಕಾರರು ನನ್ನನ್ನು ಕರೆಸಿ, ನಾನು ಕಡಿದ ದಾರಿಯನ್ನೇ ದಿಟ್ಟಿಸುತ್ತ ಕೇಳಿದರು: "ರೈಟ್ರೇ, ನಿಮಗೆ ಸಂಬಳ ಕೊಡೋದು ನಾನೋ, ಆನೆಗಳೋ?"

ಮುಳ್ಳು ತಂದು ಮತ್ತೆ ಆ ದಾರಿ ಮುಚ್ಚುವ ಕೆಲಸವೂ ನನಗೇ ಬಂತು. ಹಬ್ಬಕ್ಕೆ ಮಗ್ಗೆಗೆ ಹೋದಾಗ ಭಾವ ಎಲ್ಲ ವಿಚಾರಿಸಿಕೊಂಡು, ಬಹಳ ಯೋಚನೆ ಮಾಡಿದವನಂತೆ ಹೇಳಿದ: "ಕಲ್ಲಿನ್ ಕಡೆಯಿಂದ ಬಂದ್ವು ಅಂದ್ರೆ ಆನೆಗ್ಳು ಕಲ್ಲಿನ್ ತಾವ್ ಹೋಗಿದ್ವು ಅಂತಾಯ್ತು. ನೀವೊಬ್ರೇ ಬಾಕಿ."

ಅರಚುವ ಮೂಟೆ

ಕೆಲವು ವರ್ಷ ಬಿಟ್ಟು ಬೇರೆ ದಿಕ್ಕಿನಿಂದ ಕಲ್ಲಿನ ಬುಡ ಮುಟ್ಟಿದೆ. ಜೊತೆಗೆ ಬಾಳ್ಳುಪೇಟೆಯ ಲಾರಿ ಡ್ರೈವರ್ ಭಾಯಿ ಇದ್ದರು. ನಮ್ಮ ಕಾಫಿ ಮೂಟೆ ಸಾಗಿಸುವವರು, ಬಹಳ ಒಳ್ಳೆಯವರು. ಲೋಡು ಕಟ್ಟುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. "ಹಗ್ಗ ಯಾಕೆ ಭಾಯಿ? ನಮ್ಮ ಭಾವ ಬರಿಗಾಲಲ್ಲಿ ಹತ್ತಿದಾನಂತೆ," ಅಂದು ನಾನು ಹತ್ತತೊಡಗಿದೆ.

ಅರ್ಧದವರೆಗೆ ಏನೋ ಹೋದೆ. ಆಮೇಲೆ ಹಿಡಿದ ಕಲ್ಲೆಲ್ಲ ಕೈಗೇ ಬರತೊಡಗಿತು. ಇಳಿಯೋಣವೆಂದು ಕೆಳಗೆ ನೋಡಿದರೆ, ಹತ್ತುವಾಗ ಕಾಲಿಟ್ಟ ಜಾಗಗಳೂ ಉದುರಿ ಹೋಗಿದ್ದವು. ಬಂಡೆಯನ್ನು ತಬ್ಬಿಕೊಂಡು ನಿಂತೆ. ಭಯದಲ್ಲಿ ಏನೇನು ಕೂಗಿದೆನೋ ನೆನಪಿಲ್ಲ. ಭಾಯಿಯವರಿಗೆ ನೆನಪಿದೆ. ದುಃಖವೇನೆಂದರೆ ಅವರು ಅದನ್ನು ಬಾಳ್ಳುಪೇಟೆಯ ಹೋಟೆಲುಗಳಲ್ಲಿ ಹೇಳುತ್ತಾರೆ.

ಕಲ್ಲಿನ ಹಿಂಬದಿಯ ಬಿರುಕಿನಲ್ಲಿ ಒಂದು ಬಸರಿ ಮರ ಬೆಳೆದಿತ್ತು. ಭಾಯಿ ಹಿಂದಿನಿಂದ ಹತ್ತಿ, ನನ್ನ ತಲೆಯಿಂದ ಮೇಲಿದ್ದ ಆ ಮರದವರೆಗೆ ಬಂದರು, ಅಲ್ಲಿಂದಾಚೆಗೆ ಅವರಿಗೂ ದಾರಿ ಇರಲಿಲ್ಲ. ಮರಕ್ಕೆ ಹಗ್ಗ ಸುತ್ತಿ, ನನ್ನ ಸೊಂಟಕ್ಕೆ ಕಟ್ಟಿಸಿ, ನಿಧಾನವಾಗಿ ಕೆಳಗಿಳಿಸಿದರು. ಇಳಿದು ಬಂದು ಹಗ್ಗ ಸುತ್ತಿಕೊಳ್ಳುತ್ತ ಹೇಳಿದರು: "ಜೀವಮಾನ ಪೂರ್ತಿ ಮೂಟೆ ಇಳಿಸಿದೀನಿ ರೈಟ್ರೇ. ಅರಚೋ ಮೂಟೆ ಇದೇ ಮೊದ್ಲು ಮಾರಾಯ."

ಇದು ಮಗ್ಗೆಗೆ ನನಗಿಂತ ಮೊದಲು ತಲುಪಿತು. ನನ್ನ ಮಗಳ ನಾಮಕರಣದ ದಿನ ಭಾವ ನನ್ನೆದುರು ಕಾಲ ಮೇಲೆ ಕಾಲು ಹಾಕಿ ಕೂತ. ಆರನೆಯ ಬೆರಳನ್ನು ಆಡಿಸುತ್ತಿದ್ದ. ನಗದವರೆಂದರೆ ನಾನು ಮತ್ತು ಮಗು.

ನೆತ್ತಿ

ಇನ್ನೂ ಕೆಲವು ವರ್ಷ ಕಳೆದು, ಒಂದು ಮಳೆಗಾಲದಲ್ಲಿ ಮೇಲಿನ ಕಾಡಿನಿಂದ ದೊಡ್ಡ ಸದ್ದು ಕೇಳಿಸಿತು. ಗುಡ್ಡ ಜರಿದಿರಬೇಕೆಂದು ಸುಮ್ಮನಾದೆವು. ಬೇಸಿಗೆಯಲ್ಲಿ ಭಾವನೇ ಹೊರಟು ಬಂದ. "ವಯಸ್ಸಾಯ್ತು, ಮಂಡಿ ಕೇಳಲ್ಲ. ಹತ್ತಕ್ಕಾಗ್ದಿದ್ರೂ ದೂರದಿಂದ ತೋರ್ಸ್‌ಬುಟ್ಟು ಹೋಯ್ತೀನಿ," ಅಂದ. ಕಾಡಿಗೆಂದು ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದ.

ಹೋಗಿ ನೋಡಿದರೆ ಉದುರುಗಲ್ಲಿಗೆ ತಲೆಯೇ ಇಲ್ಲ. ನೆತ್ತಿ ಮುರಿದು ಬಿದ್ದಿತ್ತು. ಬುಡದ ತುಂಬ ಗುಂಡುಕಲ್ಲುಗಳು ಚೆಲ್ಲಾಡಿದ್ದವು. ಭಾವ ಬಾಯಿ ತೆರೆದು ಮೇಲೆ ನೋಡುತ್ತ ನಿಂತ.

"ಎಲ್ಲಿ ಭಾವ ನಿಮ್ಮ ಕಾಲು?" ಅಂದೆ.

"ಇತ್ತು ಕಣ್ರೀ," ಅಂದ. ಅಳುವ ಹಾಗಿದ್ದ. ನನಗೆ ಮರುಕ ಬರಲಿಲ್ಲ, ಹಸಿವಾಯಿತು. ಅಷ್ಟು ವರ್ಷದಲ್ಲಿ ಅಂಥ ಹಸಿವು ಎಂದೂ ಆಗಿರಲಿಲ್ಲ. ಚಪ್ಪಟೆಯಾದ ಒಂದು ಬಂಡೆಯ ಮೇಲಿನ ಒಣ ಎಲೆ, ಕಸ ಎಲ್ಲ, ಭಾವನ ಮುಖದಿಂದ ಕಣ್ಣು ಕೀಳದೆಯೇ, ಕೈಯಲ್ಲಿ ಸರಿಸಿ, ಟವೆಲ್ ಹಾಸಿ ಕೂತು, ಅಕ್ಕಿರೊಟ್ಟಿ ಬಿಚ್ಚಿದೆ. ಭಾವ ತಿನ್ನಲಿಲ್ಲ. ಅವನ ಪಾಲೂ ನಾನೇ ತಿಂದೆ.

ಅಷ್ಟರಲ್ಲಿ ನಮ್ಮ ಎಸ್ಟೇಟಿನ ಆಳುಗಳಿರುವ ಲೈನಿನ ಹೆಂಗಸರು ಹೂವು, ಕಾಯಿ ಹಿಡಿದು ಆ ಕಡೆಯಿಂದ ಬಂದರು. ಮುಂದಿದ್ದ ಹಿರಿಯಳು ನನ್ನನ್ನು ನೋಡಿದವಳೇ ಬುಟ್ಟಿ ಕೆಳಗಿಟ್ಟಳು. "ಏಳ್ರೀ ರೈಟ್ರೇ, ಎದ್ದೇಳ್ರೀ. ದೇವ್ರ ಪಾದದ್ ಮೇಲೆ ಕೂತಿದ್ದೀರಲ್ರೀ."

ಎದ್ದು ಟವೆಲ್ ತೆಗೆದೆ. ಮಾಸಿದ ಕೆಂಪು ಬಣ್ಣ, ಅದರ ಮೇಲೆ ಕುಂಕುಮ. ಬಲಗಾಲು. ಆರು ಬೆರಳು. ನಾನು ಕಸವೆಂದು ಸರಿಸಿದ್ದು ಹೋದ ವಾರದ ಹೂವು.

ಅವನು ಸುಳ್ಳು ಹೇಳಿರಲಿಲ್ಲ. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

"ಮನುಷ್ಯರ್ದಾ ಈ ಕಾಲು? ಆರ್ ಬೆರಳೈತೆ, ನೋಡಿ," ಅಂದಳು ಹಿರಿಯಳು. "ಮಳೇಲಿ ಸ್ವಾಮಿ ಮೇಲಿಂದ ಇಳಿದವ್ನೆ. ತಪ್ಪಾಯ್ತು ಅಂತ ಉದ್ದಕ್ಕೆ ಅಡ್ಡಬೀಳಿ. ಇಲ್ದಿದ್ರೆ ನಾಳೆಯಿಂದ ಲೈನಿನೋರು ಒಬ್ರೂ ಕೆಲ್ಸಕ್ ಬರಲ್ಲ."

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಇದು ದೇವರದಲ್ಲ, ನಮ್ಮ ಭಾವನದು, ಅವನು ಹತ್ತಿದ್ದು ನಿಜ, ಅಂತ ಈ ಹೆಂಗಸರೆದುರು ನಾನೇ ಸಾರಬೇಕು. ಸಂಜೆಯೊಳಗೆ ಮಾತು ಬಾಳ್ಳುಪೇಟೆಗೆ, ಬೆಳಗಾಗುವಷ್ಟರಲ್ಲಿ ಮಗ್ಗೆಗೆ. ಬಾಯಿ ಮುಚ್ಚಿದೆ. ಭಾವನ ಕಡೆ ನೋಡಿದೆ. ಅವನು ಬೂಟು ಹಾಕಿದ ಬಲಗಾಲನ್ನು ಮೆಲ್ಲಗೆ ಎಡಗಾಲಿನ ಹಿಂದಕ್ಕೆ ಸರಿಸಿಕೊಂಡ.

ಟವೆಲ್ ಸೊಂಟಕ್ಕೆ ಸುತ್ತಿ, ಬಾಯಲ್ಲಿದ್ದ ರೊಟ್ಟಿ ನುಂಗಿ, ಆ ಕಲ್ಲಿನ ಮುಂದೆ ಉದ್ದಕ್ಕೆ ಬಿದ್ದೆ. ಹಣೆ ಮಣ್ಣಿಗೆ ತಾಗಿತು.

ಹಿಂದಿನಿಂದ, ನನಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ, ಭಾವ ಹೇಳಿದ: "ಒಳ್ಳೇದಾಗ್ಲಿ ರೈಟ್ರೇ."